ಹೊಗೆ ಕೊಟ್ಟ ಕಪ್ಪು

1908ರ ಸುಮಾರು. ಅಮೆರಿಕದ ನ್ಯೂ ಮೆಕ್ಸಿಕೊ ಸೀಮೆಯ ಪಾಹರಿಟೊ ಪ್ರಸ್ಥಭೂಮಿಯಲ್ಲಿ ಉತ್ಖನನ ನಡೆದಿತ್ತು. ಜ್ವಾಲಾಮುಖಿಯ ಬೂದಿಯೇ ಗಟ್ಟಿಗೊಂಡು ಬಂಡೆಯಾದ ನೆಲ ಅದು. ಆ ಮೆದು ಬಂಡೆಯ ಗೋಡೆಗಳಲ್ಲಿ ಹಿಂದಿನವರು ಕೊರೆದುಕೊಂಡ ಗೂಡುಮನೆಗಳಿದ್ದವು, ಕೆಳಗೆ ಫ್ರಿಹೋಲೆಸ್ ಕಣಿವೆಯಲ್ಲಿ ಕುಸಿದು ಹೂತುಹೋದ ಊರಿನ ತಳಪಾಯವಿತ್ತು. ಅಗೆಸುತ್ತಿದ್ದವನು ಎಡ್ಗರ್ ಲೀ ಹೆವೆಟ್ ಎಂಬ ಪುರಾತತ್ವಜ್ಞ. ಗುದ್ದಲಿ ಹಿಡಿದವರು ಮಾತ್ರ ಹತ್ತಿರದ ಸಾನ್ ಇಲ್ಡೆಫಾನ್ಸೊ ಎಂಬ ಹಳ್ಳಿಯ ಟೇವಾ ಎಂಬ ಮೂಲನಿವಾಸಿ ಜನ. ತಮ್ಮ ಪೂರ್ವಿಕರು ಬಾಳಿ ಬಿಟ್ಟುಹೋದ ಮನೆಗಳನ್ನು ಅವರು ದಿನಗೂಲಿಗೆ ಅಗೆಯುತ್ತಿದ್ದರು.

ಆ ಕೂಲಿಗಳಲ್ಲಿ ಜೂಲಿಯನ್ ಮಾರ್ಟಿನೆಸ್ ಎಂಬ ಯುವಕನೂ ಇದ್ದ. ಅಗೆತದಲ್ಲಿ ಅವನ ಮನಸ್ಸು ಅಷ್ಟಾಗಿ ನಿಲ್ಲುತ್ತಿರಲಿಲ್ಲ. ಗೋಡೆಯ ಮೇಲೆ ಉಳಿದ ಚಿತ್ರ ಕಂಡರೆ ಅವನು ಅಲ್ಲೇ ನಿಂತುಬಿಡುತ್ತಿದ್ದ. ಮಣ್ಣಿನಡಿಯಿಂದ ಬೋಕಿಯ ಚೂರೊಂದು ಎದ್ದುಬಂದರೆ ಮಣ್ಣು ಒರೆಸಿ, ಅದರ ಮೇಲಿನ ಗೆರೆಗಳು ಎಲ್ಲಿಂದ ಹೊರಟು ಎಲ್ಲಿಗೆ ಮುಟ್ಟುತ್ತಿದ್ದವೆಂದು ಲೆಕ್ಕ ಹಾಕುತ್ತಿದ್ದ. ಚೂರುಗಳು ತೆಳ್ಳಗಿದ್ದವು, ಗಟ್ಟಿಯಾಗಿದ್ದವು, ಕೈಯಾಡಿಸಿದರೆ ನುಣುಪು. ಕೆಲವು ಕಪ್ಪಗೆ ಹೊಳೆಯುತ್ತಿದ್ದವೆಂದೂ ಕತೆ ಹೇಳುವವರು ಹೇಳುತ್ತಾರೆ. ಅಂಥ ಮಡಕೆ ಇಡಿಯಾಗಿದ್ದಾಗ ಹೇಗೆ ಕಾಣುತ್ತಿತ್ತೋ ನೋಡಬೇಕೆಂಬ ಆಸೆ ಹೆವೆಟ್‌ಗೆ ಹುಟ್ಟಿತು. ಇಷ್ಟು ತೆಳುವಾಗಿ ಮಡಕೆ ಎತ್ತಬಲ್ಲವರು ಈಗ ಯಾರಿದ್ದಾರೆ ಎಂದು ವಿಚಾರಿಸಿದಾಗ ಊರು ತೋರಿಸಿದ್ದು ಜೂಲಿಯನ್‌ನ ಹೆಂಡತಿಯನ್ನು.

ಆಕೆ ಮರಿಯಾ. ಹುಟ್ಟಿದ್ದು 1887ರ ಸುಮಾರಿಗೆ. ಚಿಕ್ಕಂದಿನಲ್ಲಿ ನಿಕೊಲಾಸಾ ಎಂಬ ಹತ್ತಿರದ ಬಂಧುವಿನ ಪಕ್ಕ ಕೂತು, ನೋಡಿ ನೋಡಿ ಮಣ್ಣಿನ ಕೆಲಸ ಕಲಿತವಳು. ಅಲ್ಲಿ ಹೇಳಿಕೊಡುವ ಪದ್ಧತಿ ಇರಲಿಲ್ಲ. ದೊಡ್ಡವರ ಕೈ ಆಡುವುದನ್ನು ಕಣ್ಣಲ್ಲಿ ತುಂಬಿಕೊಂಡು ತನ್ನ ಕೈಗೆ ತಂದುಕೊಳ್ಳಬೇಕಿತ್ತು. 1904ರಲ್ಲಿ ಜೂಲಿಯನ್‌ನೊಂದಿಗೆ ಮದುವೆಯಾದ ಹೊಸತರಲ್ಲೇ ಗಂಡಹೆಂಡಿರು ಸೇಂಟ್ ಲೂಯಿಯಲ್ಲಿ ನಡೆದ ವಿಶ್ವಮೇಳಕ್ಕೆ ಹೋಗಿ, ಜನರ ಕಣ್ಣೆದುರಿಗೆ ಮಡಕೆ ಮಾಡಿ ತೋರಿಸಿ ಬಂದಿದ್ದರು.

ಆದರೆ ಊರಿನಲ್ಲಿ ಮಡಕೆಗೆ ಒಳ್ಳೆಯ ದಿನಗಳಿರಲಿಲ್ಲ. 1880ರಲ್ಲಿ ರೈಲು ಬಂದಿತ್ತು, ಅದರ ಹಿಂದೆಯೇ ತಗಡಿನ ಪಾತ್ರೆ ಬಂದಿತ್ತು. ಬಿದ್ದರೆ ಒಡೆಯದ, ನೀರು ಜಿನುಗದ ಪಾತ್ರೆ ಅಗ್ಗಕ್ಕೆ ಸಿಕ್ಕ ಮೇಲೆ ಮಣ್ಣಿನ ಗಡಿಗೆಯನ್ನು ಅಡುಗೆಮನೆಯಲ್ಲಿ ಯಾರು ಇಟ್ಟುಕೊಳ್ಳುತ್ತಾರೆ? ಹೆಂಗಸರು ರೈಲಿನ ಪ್ರಯಾಣಿಕರಿಗೆ ಮಾರಲು ಸಣ್ಣಪುಟ್ಟ ಮಡಕೆ ಮಾಡುತ್ತಿದ್ದರು. ತೆಳ್ಳಗೆ ಮಾಡಬೇಕೆಂದಾಗಲಿ ಚೆನ್ನಾಗಿ ಉಜ್ಜಬೇಕೆಂದಾಗಲಿ ಕೇಳುವವರಿರಲಿಲ್ಲ. ಹಾಗಿದ್ದೂ ಮರಿಯಾ ತೆಳ್ಳಗೇ ಮಾಡುತ್ತಿದ್ದಳು, ಉಜ್ಜಿಯೇ ಉಜ್ಜುತ್ತಿದ್ದಳು. ಈ ಕತೆಯ ಬೇರು ಇರುವುದು ಇಲ್ಲಿ. ಮುಂದೆ ಬಂದ ಹೆಸರು, ಹಣ ಎಲ್ಲಕ್ಕೂ ಮೊದಲು ಆಕೆಗೆ ಆ ಕೆಲಸವೇ ಇಷ್ಟವಾಗಿತ್ತು.

ಹೆವೆಟ್ ಕೊಟ್ಟ ಚೂರುಗಳನ್ನು ಆಕೆ ತಿರುಗಿಸಿ ತಿರುಗಿಸಿ ನೋಡಿದಳು. ಅಂಚಿನಲ್ಲಿ ಕಂಡ ಮಣ್ಣು ತಾನು ಬಳಸುವ ಮಣ್ಣಿಗಿಂತ ನುಣ್ಣಗಿತ್ತು. ಬೆಟ್ಟದಿಂದ ಮಣ್ಣು ತಂದು, ಕುಟ್ಟಿ, ಸೋಸಿ, ಮತ್ತೆ ಸೋಸಿ, ಜ್ವಾಲಾಮುಖಿಯ ಬಿಳಿ ಬೂದಿಪುಡಿಯನ್ನು ಬೆರೆಸಿ ಹದ ಮಾಡಿದಳು. ಬರಿ ಜೇಡಿಯಾದರೆ ಒಣಗುವಾಗ ಬಿರುಕು ಬಿಡುತ್ತದೆ; ಬೂದಿ ಹೆಚ್ಚಾದರೆ ಮಣ್ಣು ಕೈಯಲ್ಲಿ ನಿಲ್ಲುವುದಿಲ್ಲ. ಅಳತೆಗೆ ಬಟ್ಟಲಿರಲಿಲ್ಲ, ಬೆರಳೇ ಹೇಳಬೇಕಿತ್ತು. ಎಷ್ಟೋ ಮಡಕೆಗಳು ನೆರಳಲ್ಲಿ ಒಣಗುವಾಗಲೇ ಸೀಳಿದವು. ಇನ್ನೆಷ್ಟೋ ಬೆಂಕಿಯಲ್ಲಿ ಸಿಡಿದವು.

ಟೇವಾ ಹೆಂಗಸರ ಬಳಿ ತಿಗರಿ ಇರಲಿಲ್ಲ, ಇಂದಿಗೂ ಅವರು ಅದನ್ನು ಹಿಡಿದಿಲ್ಲ. ತಳಕ್ಕೆ ಒಂದು ಬೋಗುಣಿಯಂಥ ಅಚ್ಚು, ಅದರೊಳಗೆ ತಟ್ಟಿದ ಮಣ್ಣಿನ ಬಿಲ್ಲೆ. ಅದರ ಅಂಚಿಗೆ ಅಂಗೈಯಲ್ಲಿ ಹೊಸೆದ ಮಣ್ಣಿನ ಹುರಿಯನ್ನು ಸುತ್ತು ಸುತ್ತಾಗಿ ಏರಿಸುತ್ತ ಹೋಗುವುದು. ಒಳಗೊಂದು ಕೈ, ಹೊರಗೆ ಸೋರೆಬುರುಡೆಯ ಚೂರು ಹಿಡಿದ ಇನ್ನೊಂದು ಕೈ. ಒಳಗಿನಿಂದ ಒತ್ತುತ್ತ, ಹೊರಗಿನಿಂದ ಕೆರೆಯುತ್ತ ಹೊಟ್ಟೆಯನ್ನು ಉಬ್ಬಿಸುವುದು. ಮರಿಯಾ ಎತ್ತಿದ ಮಡಕೆಗಳನ್ನು ನೋಡಿದವರು ಅವುಗಳ ದುಂಡಗಿನ ಆಕಾರಕ್ಕೆ ಬೆರಗಾಗುತ್ತಿದ್ದರು. ಗಾಲಿಯ ಮೇಲೆ ತಿರುಗಿಸಿದ್ದಲ್ಲ ಎಂದರೆ ನಂಬುವುದೇ ಕಷ್ಟವಾಗುತ್ತಿತ್ತು.

ಆಕಾರ ಬಂದ ಮೇಲೆ ನಿಜವಾದ ಪರೀಕ್ಷೆ ಶುರು. ಒಣಗಿದ ಮಡಕೆಯನ್ನು ಉಜ್ಜಿ ಸಮ ಮಾಡಿ, ಕೆಂಪು ಜಾಜಿನಂಥ ನುಣ್ಣನೆ ಮಣ್ಣನ್ನು ನೀರಲ್ಲಿ ಕದಡಿ ಆ ತಿಳಿಯನ್ನು ಬಟ್ಟೆಯಿಂದ ಪದರ ಪದರವಾಗಿ ಬಳಿಯಬೇಕು. ತಿಳಿ ಇನ್ನೂ ತೇವವಿರುವಾಗಲೇ ಹೊಳೆಯ ಕಲ್ಲು ಹಿಡಿದು ಉಜ್ಜಲು ಕೂರಬೇಕು. ಕೂತ ಮೇಲೆ ಏಳುವಂತಿಲ್ಲ. ನಡುವೆ ಬಿಟ್ಟರೆ ಒಣಗಿದ ಭಾಗಕ್ಕೂ ಹಸಿ ಭಾಗಕ್ಕೂ ನಡುವೆ ಗೆರೆ ನಿಂತುಬಿಡುತ್ತದೆ. ಕಲ್ಲು ಒಮ್ಮೆ ಜಾರಿ ಗೀರು ಬಿದ್ದರೆ ಬಳಿದದ್ದನ್ನೆಲ್ಲ ತೆಗೆದು ಮೊದಲಿನಿಂದ ಬಳಿಯಬೇಕು. ಒತ್ತಡ ಹೆಚ್ಚಾದರೆ ಪದರ ಏಳುತ್ತದೆ, ಕಡಿಮೆಯಾದರೆ ಮಂಕಾಗಿ ಉಳಿಯುತ್ತದೆ. ಕಲ್ಲು ನೇರ ಗೆರೆಯಲ್ಲಿ ಹೋಗಿ ಬಂದಂತೆ ಮೊದಲು ಮಣ್ಣು ಬರಿ ನುಣುಪಾಗುತ್ತದೆ, ಆಮೇಲೆ ಒಂದು ಕ್ಷಣದಲ್ಲಿ ಬೆಳಕು ಅದರ ಮೇಲೆ ನಿಲ್ಲತೊಡಗುತ್ತದೆ. ಆ ಕ್ಷಣ ಸಿಗುವವರೆಗೆ ಮರಿಯಾ ಕೈ ಬಿಡುತ್ತಿರಲಿಲ್ಲ. ಉಜ್ಜುವ ಕಲ್ಲುಗಳು ಅಜ್ಜಿಯಿಂದ ಮೊಮ್ಮಗಳಿಗೆ ಬರುವ ಆಸ್ತಿ. ತಲೆಮಾರುಗಳ ಉಜ್ಜಾಟದಲ್ಲಿ ಸವೆದು ಬೆರಳಿಗೆ ಒಗ್ಗಿಹೋದ ಕಲ್ಲನ್ನು ಕಳೆದುಕೊಳ್ಳುವುದೆಂದರೆ ದೊಡ್ಡ ನಷ್ಟ.

ಹೀಗೆ ಉಜ್ಜಿ ಸುಟ್ಟ ಮಡಕೆ ಕೆಂಪಾಗಿಯೇ ಬರುತ್ತಿತ್ತು. ಕಪ್ಪು ಮಡಕೆ ಮಾಡುವ ಪರಿಪಾಠ ನೆರೆಯ ಸಾಂಟಾ ಕ್ಲಾರಾ ಹಳ್ಳಿಯಲ್ಲಿ ಜೀವಂತವಿತ್ತು. ಆದರೆ ಪ್ರತಿ ಊರಿಗೂ ಅದರದೇ ಮಣ್ಣು, ಅದರದೇ ಬೆಂಕಿ. ಒಂದೂರಿನ ಕೈಗುಣ ಇನ್ನೊಂದೂರಿನ ಮಣ್ಣಿಗೆ ಹಾಗೆಯೇ ಒಗ್ಗುವುದಿಲ್ಲ.

ಆವಿಗೆ ಎಂದರೆ ಅಲ್ಲಿ ಕಟ್ಟಿದ ಗೂಡಲ್ಲ. ಬಯಲಿನಲ್ಲಿ ಒಣ ಸೀಡರ್ ಚಕ್ಕೆಗಳನ್ನು ಹರಡಿ, ಅದರ ಮೇಲೆ ಮಡಕೆಗಳನ್ನು ಬೋರಲು ಹಾಕಿ, ಸುತ್ತಲೂ ಬೆರಣಿ ಒಡ್ಡಿ ಬೆಂಕಿ ಕೊಡುತ್ತಿದ್ದರು. ಗಾಳಿ ಏಳದ ಮುಂಜಾವವೇ ಬೇಕು. ಗಾಳಿ ಒಂದು ಕಡೆಯಿಂದ ನುಗ್ಗಿದರೆ ಆ ಬದಿ ಮಾತ್ರ ಬಿಸಿಯೇರಿ ಮಡಕೆ ಟಪ್ಪೆಂದು ಒಡೆಯುತ್ತದೆ. ವಾರಗಳ ದುಡಿಮೆ ಆ ಒಂದು ಸದ್ದಿನಲ್ಲಿ ಹೋಗುತ್ತದೆ. ಬೆಂಕಿಯ ಉಸ್ತುವಾರಿಯಲ್ಲಿ ಜೂಲಿಯನ್ ಹೆಂಡತಿಗೆ ಜೊತೆಯಾಗುತ್ತಿದ್ದ.

ಅಂಥ ಒಂದು ದಿನ ಬೆಂಕಿ ಕೈ ಕೊಟ್ಟಿತೆಂದು ಆ ಸೀಮೆಯಲ್ಲಿ ಹೇಳುತ್ತ ಬಂದಿದ್ದಾರೆ. ಉರಿ ಉಸಿರುಕಟ್ಟಿ ಹೊಗೆಯಾಡಿತು. ಆರಿದ ಮೇಲೆ ಬೂದಿ ಸರಿಸಿ ನೋಡಿದರೆ, ಕೆಂಪಾಗಿ ಹೊರಬರಬೇಕಿದ್ದ ಮಡಕೆಗಳು ಕಪ್ಪಾಗಿ ಕೂತಿದ್ದವು. ಕೆಲವದರ ಮೇಲೆ ಬೂದು ಮಚ್ಚೆ, ಕೆಲವದರಲ್ಲಿ ಕಪ್ಪು ಅರೆಬರೆ. ಮರಿಯಾಳ ಕಣ್ಣಿಗೆ ಅವು ಕೆಟ್ಟ ಮಡಕೆಗಳು. ಒಡೆದು ಬಿಸಾಡಲು ಮನಸ್ಸು ಬರದೆ, ನಾಲ್ಕು ಜನಕ್ಕೆ ತೋರಿಸಲು ನಾಚಿಕೆಯಾಗಿ, ಆಕೆ ಅವನ್ನು ಒಳಗೆ ಬಚ್ಚಿಟ್ಟಳು.

ಇಷ್ಟರಲ್ಲಿ ಸಂಸಾರ ಸಾಂಟಾ ಫೆ ಪಟ್ಟಣ ಸೇರಿತ್ತು. 1909ರಿಂದ 1912ರವರೆಗೆ ಅಲ್ಲಿಯ ಹಳೆಯ ಗವರ್ನರ್ ಅರಮನೆಯಲ್ಲಿ, ಎಂದರೆ ಹೆವೆಟ್ ನಡೆಸುತ್ತಿದ್ದ ಹೊಸ ವಸ್ತುಸಂಗ್ರಹಾಲಯದಲ್ಲಿ ಅವರ ವಾಸ. ಜೂಲಿಯನ್ ಅಲ್ಲಿ ಗುಡಿಸಿ ಒರೆಸುವ ಜವಾನ. ಮರಿಯಾ ಅಂಗಳದಲ್ಲಿ ಮಡಕೆ ಮಾಡುತ್ತ ಬಂದವರಿಗೆ ತೋರಿಸುತ್ತಿದ್ದಳು. ಆ ಜವಾನನಿಗೆ ಇದಕ್ಕಿಂತ ಒಳ್ಳೆಯ ಶಾಲೆ ಬೇರೆ ಸಿಗುತ್ತಿರಲಿಲ್ಲ. ಗಾಜಿನ ಹಿಂದಿನ ಹಳೆಯ ಮಡಕೆಗಳ ಚಿತ್ತಾರಗಳನ್ನು ಅವನು ಪುಸ್ತಕದಲ್ಲಿ ಬರೆದುಕೊಳ್ಳುತ್ತ ಹೋದ. ಅವುಗಳಲ್ಲಿ ತೆಂಕಣದ ಮಿಂಬ್ರೆಸ್ ಜನರ ಬಟ್ಟಲುಗಳ ಮೇಲಿನ ಗರಿಸಾಲು ಅವನನ್ನು ಬಹಳ ಕಾಡಿತು. ಕೊಂಬುಳ್ಳ ನೀರಹಾವು ಆವನ್ಯು ಅವನ ಸ್ವಂತ ಜನರದೇ ದೈವ. ಬಳುಕಿ ಹರಿಯುವ ಆ ಹಾವನ್ನು ಮಡಕೆಯ ಕೊರಳ ಸುತ್ತ ಓಡಿಸುವ ಬಗೆಯನ್ನು ಅವನು ಮತ್ತೆ ಮತ್ತೆ ಬರೆದು ನೋಡಿದ.

ಊರಿಗೆ ಹಿಂದಿರುಗಿದ ಮೇಲೆ ಒಂದು ಸಲ ಹೆವೆಟ್ ಅತಿಥಿಗಳನ್ನು ಕರೆದುಕೊಂಡು ಬಂದ. ಅವರು ಕೇಳಿದ್ದು ಕೆಂಪನ್ನಲ್ಲ, ಬಣ್ಣಬಣ್ಣದ್ದನ್ನೂ ಅಲ್ಲ. ವಸ್ತುಸಂಗ್ರಹಾಲಯದಲ್ಲಿ ಕಂಡಿದ್ದ ಕಪ್ಪು ಮಡಕೆಯಂಥದ್ದು ಬೇಕೆಂದರು. ಮರಿಯಾ ಬೆರಗಾದಳು. ಯಾರ ಕಣ್ಣಿಗೂ ಬೀಳಬಾರದೆಂದು ತಾನು ಒಳಗಿಟ್ಟಂಥದ್ದನ್ನೇ ಬಂದವರು ದುಡ್ಡು ಕೊಟ್ಟು ಕೇಳುತ್ತಿದ್ದರು.

ಈಗ ಬೇರೆ ತೊಡಕು ಎದುರಾಯಿತು. ತಪ್ಪಿನಿಂದ ಆದದ್ದನ್ನು ಬೇಕೆಂದಾಗ ಮಾಡುವುದು ಹೇಗೆ? ಆಕಸ್ಮಿಕವನ್ನು ಹೊಗಳುವವರು ಸಾಮಾನ್ಯವಾಗಿ ಈ ಘಟ್ಟವನ್ನು ಒಂದೇ ಸಾಲಿನಲ್ಲಿ ದಾಟಿಬಿಡುತ್ತಾರೆ. ದಂಪತಿಗೆ ಅದು ಬಹಳ ದುಡಿಮೆಯನ್ನು ತಿಂದ ಘಟ್ಟ. ಬೆಂಕಿಯನ್ನು ಬೇಗ ಮುಚ್ಚಿದರೆ ಮಡಕೆ ಬೇಯುತ್ತಿರಲಿಲ್ಲ, ಹಸಿಯಾಗಿ ಉಳಿಯುತ್ತಿತ್ತು. ತಡವಾದರೆ ಕಾವು ಮಿತಿಮೀರಿ, ಗಂಟೆಗಟ್ಟಲೆ ಉಜ್ಜಿ ಬರಿಸಿದ ಹೊಳಪೇ ಸತ್ತುಹೋಗುತ್ತಿತ್ತು. ಮುಚ್ಚಿದ ರಾಶಿಯಲ್ಲಿ ಬೆರಳು ತೂರುವಷ್ಟು ಸಂದಿ ಉಳಿದರೂ ಅಲ್ಲಿಂದ ಗಾಳಿ ನುಗ್ಗಿ ಮಡಕೆಯ ಆ ಭಾಗ ಕೆಂಪು ಮಚ್ಚೆಯಾಗುತ್ತಿತ್ತು. ಬೆರಣಿಯ ದಪ್ಪ ತುಂಡುಗಳಿಂದ ಸಂದಿ ಮುಚ್ಚುತ್ತಿರಲಿಲ್ಲ. ಕೊನೆಗೆ ಕೈಹಿಡಿದದ್ದು ಒಣಗಿಸಿ ಪುಡಿ ಮಾಡಿದ ಕುದುರೆ ಲದ್ದಿ. ಉರಿ ತಕ್ಕ ಹದಕ್ಕೆ ಬಂದ ಗಳಿಗೆ ನೋಡಿ ಆ ಪುಡಿಯನ್ನು ರಾಶಿಯ ಮೇಲೆ ಸುರಿದರೆ ಜ್ವಾಲೆ ಅಡಗಿ ದಟ್ಟ ಹೊಗೆ ಎದ್ದು ಒಳಗೇ ಸುತ್ತುತ್ತಿತ್ತು. ಹೊಗೆ ತಪ್ಪಿಸಿಕೊಳ್ಳುವ ಕಡೆಗೆಲ್ಲ ಓಡಿ ಬೂದಿ ಎಳೆದು ಮುಚ್ಚಬೇಕು. ಕಣ್ಣು ಉರಿಯುತ್ತದೆ, ಎದುರಿನದು ಕಾಣುವುದಿಲ್ಲ, ಆದರೂ ಕಾಯಬೇಕು.

ಆ ಗಳಿಗೆಯನ್ನು ತೋರಿಸಲು ಅವರ ಬಳಿ ಉಷ್ಣಮಾಪಕ ಇರಲಿಲ್ಲ. ಉರಿಯ ಬಣ್ಣ, ಬೆರಣಿ ಬೆಳ್ಳಗಾದ ರೀತಿ, ಮುಖಕ್ಕೆ ತಗಲುವ ಕಾವು, ಇಷ್ಟೇ ಸೂಚನೆಗಳು. ಆರೇಳುನೂರು ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನ ಒಂದು ಕಿರಿದಾದ ಪಟ್ಟಿಯಲ್ಲಿ ಅವರು ಕಣ್ಣಂದಾಜಿನಿಂದಲೇ ನಿಲ್ಲುವುದನ್ನು ಕಲಿತರು. 1913ರ ಸುಮಾರಿಗೆ ಚಿತ್ತಾರವಿಲ್ಲದ, ಹೆಸರು ಬರೆಯದ ಕಪ್ಪು ಮಡಕೆಗಳು ಬೇಕೆಂದಾಗ ಬರತೊಡಗಿದವು. ಮೊದಲಿನವು ಸಾಧಾರಣ, ಆಮೇಲಿನವು ಒಂದಕ್ಕಿಂತ ಒಂದು ಮೇಲು. ಕೊಳ್ಳುವವರು ಹುಡುಕಿಕೊಂಡು ಬಂದರು. 1915ರಲ್ಲಿ ಸ್ಯಾನ್ ಡಿಯೆಗೊದ ಪ್ರದರ್ಶನದಲ್ಲಿಯೂ ದಂಪತಿ ತಮ್ಮ ಕೆಲಸ ತೋರಿಸಿದರು.

ಜೂಲಿಯನ್ ಮಾತ್ರ ಸಮಾಧಾನಗೊಂಡಿರಲಿಲ್ಲ. ಚಿತ್ರಗಾರನಿಗೆ ಈ ಕಪ್ಪಿನಲ್ಲಿ ಜಾಗವೇ ಇರಲಿಲ್ಲ. ಕೆಮ್ಮಣ್ಣಿನಿಂದ ಬರೆದರೆ ಹೊಗೆಯಲ್ಲಿ ಅದೂ ಕಪ್ಪಾಗುತ್ತಿತ್ತು. ಗಿಡದ ರಸದ ಕಪ್ಪಿನಿಂದ ಬರೆದರೆ ಕಪ್ಪಿನ ಮೇಲೆ ಕಾಣುತ್ತಲೇ ಇರಲಿಲ್ಲ. ಪುಸ್ತಕದ ತುಂಬ ತುಂಬಿಕೊಂಡ ಗರಿಗಳನ್ನೂ ಹಾವುಗಳನ್ನೂ ಎಲ್ಲಿ ಬಿಡಿಸಬೇಕು? 1918ರ ಇನ್‌ಫ್ಲುಯೆನ್ಜಾ ಆ ಪುಟ್ಟ ಊರನ್ನು ಇನ್ನಷ್ಟು ಪುಟ್ಟದಾಗಿಸಿತ್ತು. ಕುಡಿತದ ಚಟವೂ ಜೂಲಿಯನ್‌ನನ್ನು ಹಿಡಿದಿತ್ತು, ಜೀವನವಿಡೀ ಅದು ಅವನನ್ನು ಬಿಡಲಿಲ್ಲ. ಆ ಕಷ್ಟದ ದಿನಗಳಲ್ಲೇ ಅವನ ಕುಂಚ ದಾರಿ ಕಂಡುಕೊಂಡಿತು.

ಬಣ್ಣದ ವ್ಯತ್ಯಾಸ ಸಿಗದಿದ್ದರೆ ಹೊಳಪಿನ ವ್ಯತ್ಯಾಸ ಸಿಕ್ಕೀತಲ್ಲ! ಮರಿಯಾ ಉಜ್ಜಿ ಮುಗಿಸಿದ ಮಡಕೆಯ ಮೇಲೆ, ಸುಡುವ ಮೊದಲು, ಅವನು ಮಣ್ಣಿನ ತಿಳಿಯಿಂದ ಬರೆದ. ಬರೆದ ಕಡೆಯಲ್ಲಿ ಕಲ್ಲು ಆಡಿಸಲಿಲ್ಲ, ಹಾಗೇ ಬಿಟ್ಟ. ಹೊಗೆಯಿಂದ ಹೊರಬಂದಾಗ ಎಲ್ಲವೂ ಕಪ್ಪೇ. ಆದರೆ ಉಜ್ಜಿದ ಕಪ್ಪು ಕನ್ನಡಿಯಂತೆ ಬೆಳಕನ್ನು ಎಸೆಯುತ್ತಿತ್ತು, ಬರೆದ ಕಪ್ಪು ಬೆಳಕನ್ನು ನುಂಗಿ ಮಂಕಾಗಿ ನಿಂತಿತ್ತು. ಮಡಕೆಯನ್ನು ಸ್ವಲ್ಪ ತಿರುಗಿಸಿದರೆ ಹಾವು ಕಾಣುತ್ತದೆ, ಇನ್ನಷ್ಟು ತಿರುಗಿಸಿದರೆ ಮರೆಯಾಗುತ್ತದೆ.

ಮೊದಲ ಪ್ರಯೋಗಗಳಲ್ಲಿ ಹಾವಿನ ಮೈಯನ್ನು ಹೊಳೆಯಲು ಬಿಟ್ಟು ಅದರ ಸುತ್ತಲ ಹಿನ್ನೆಲೆಯನ್ನೆಲ್ಲ ಬಳಿದು ಮಂಕು ಮಾಡಿದ್ದ. ನೋಡಲು ಚೆಂದ, ಆದರೆ ಮರಿಯಾ ಉಜ್ಜಿದ ಮೈಯ ಬಹುಭಾಗ ತಿಳಿಯ ಕೆಳಗೆ ಮುಚ್ಚಿಹೋಗುತ್ತಿತ್ತು. ಆಮೇಲೆ ಲೆಕ್ಕ ತಿರುಗಿಸಿದ. ಮೈಯೆಲ್ಲ ಹೊಳೆಯಲಿ, ಚಿತ್ರ ಮಾತ್ರ ಮಂಕಾಗಿರಲಿ ಎಂದುಕೊಂಡ. ತಿಳಿ ಹಿಡಿದು ನಿಲ್ಲಲೆಂದು ಕಾಡುಗಿಡವೊಂದನ್ನು ಕುದಿಸಿ ಬತ್ತಿಸಿದ ಅಂಟುರಸ ಬೆರೆಸಿದ. ಕುಂಚಕ್ಕೆ ಯಕ್ಕಾ ಎಂಬ ಗಿಡದ ಎಲೆಯ ತುದಿಯನ್ನು ಜಗಿದು ನಾರಾಗಿಸಿಕೊಂಡ. ಬರೆಯುವಾಗ ತಿದ್ದುವ ಅವಕಾಶವಿರಲಿಲ್ಲ. ಒರೆಸಿದರೆ ಕೆಳಗಿನ ಹೊಳಪೂ ಕೆಡುತ್ತದೆ. ಉಬ್ಬಿದ ಮೈಯ ಸುತ್ತ ಒಂದೇ ಉಸಿರಿನ ಗೆರೆ ಎಳೆದು, ಹೊರಟ ಜಾಗಕ್ಕೆ ಸರಿಯಾಗಿ ಬಂದು ಸೇರಿಸಬೇಕು. 1920ರ ದಶಕ ಕಣ್ಣು ಬಿಡುವ ಹೊತ್ತಿಗೆ ಆ ಕೈ ಪಳಗಿತ್ತು. ಕಪ್ಪಿನ ಮೇಲೆ ಕಪ್ಪು ಎಂದು ಜಗತ್ತು ಇಂದು ಗುರುತಿಸುವ ಮಡಕೆ ಹುಟ್ಟಿತ್ತು.

ಈ ಆವಿಷ್ಕಾರದ ಕೀರ್ತಿಯನ್ನು ಬಹುಕಾಲ ಮರಿಯಾಳ ಹೆಸರಿಗೊಂದೇ ಬರೆದರು. ಅದು ಸರಿಯಲ್ಲ. ಮಣ್ಣನ್ನು ಕನ್ನಡಿ ಮಾಡಿದವಳು ಆಕೆ, ಆ ಕನ್ನಡಿಯಲ್ಲಿ ಬರೆಯುವ ಬಗೆ ಕಂಡವನು ಅವನು. ಮಡಕೆ ಹೆಂಗಸರ ಕೆಲಸವೆಂಬ ರೂಢಿಯಿಂದಾಗಿ ಮೊದಲು ಆಕೆಯ ಹೆಸರಷ್ಟೇ ಮಡಕೆಯ ತಳದಲ್ಲಿತ್ತು. ಅದೂ ಹೊರಗಿನವರ ಬಾಯಿಗೆ ಸುಲಭವಾಗಲೆಂದು ಮರೀ ಎಂದು. ಮುಂದೆ ಮರೀ ಮತ್ತು ಜೂಲಿಯನ್ ಎಂದು ಜೋಡಿ ಹೆಸರು ಬಂತು.

ಇಷ್ಟು ಕಷ್ಟಪಟ್ಟು ಕಂಡುಕೊಂಡದ್ದನ್ನು ಬೇರೆಯವರಾಗಿದ್ದರೆ ಬಚ್ಚಿಡುತ್ತಿದ್ದರೇನೋ. ಮರಿಯಾ ಅಕ್ಕತಂಗಿಯರನ್ನು, ನೆರೆಹೊರೆಯವರನ್ನು ಕರೆದು ಕಲಿಸಿದಳು. ಆಕೆಯ ಹೆಸರಿದ್ದರೆ ಮಡಕೆಗೆ ಬೆಲೆ ಹೆಚ್ಚು ಎಂದು ಊರಿನ ಹೆಂಗಸರು ಕೇಳಿದಾಗ ಅವರ ಮಡಕೆಗಳಿಗೂ ತನ್ನ ಸಹಿ ಹಾಕಿಕೊಟ್ಟಳೆಂದು ಆಕೆಯ ಬಗ್ಗೆ ಬರೆದವರು ದಾಖಲಿಸಿದ್ದಾರೆ. ಸಂಗ್ರಾಹಕರಿಗೆ ಅದರಿಂದ ತಲೆನೋವಾಗಿರಬಹುದು. ಹೊಲ ನಂಬಿದರೆ ಹೊಟ್ಟೆ ತುಂಬದಿದ್ದ ಊರಿಗೆ ಅದು ಅನ್ನವಾಯಿತು.

ಜೂಲಿಯನ್ 1943ರಲ್ಲಿ ತೀರಿಕೊಂಡ. ಸೊಸೆ ಸಾಂಟಾನಾ ಕುಂಚ ಹಿಡಿದಳು. 1956ರಿಂದ ಮಗ ಪೊಪೊವಿ ಡಾ ತಾಯಿಯ ಜೊತೆಗೂಡಿದ. ಅಪ್ಪನ ಹಟ ಮಗನಲ್ಲೂ ಇತ್ತು. ಬಂದೂಕಿನ ಲೋಹದಂಥ ಮೆರುಗನ್ನು ಅವನು ಬೆಂಕಿಯಿಂದ ಹೊರಡಿಸಿದ. 1960ರ ದಶಕದಲ್ಲಿ, ಕಪ್ಪಾದ ಮಡಕೆಯನ್ನೇ ಮತ್ತೆ ಕಾಯಿಸಿ ಒಂದು ಭಾಗವನ್ನು ಕಂದುಗೆಂಪಿಗೆ ತಿರುಗಿಸಿ, ಒಂದೇ ಮಡಕೆಯಲ್ಲಿ ಎರಡು ಬಣ್ಣ ನಿಲ್ಲಿಸಿದ.

ಕಪ್ಪಾದದ್ದು ಮತ್ತೆ ಕೆಂಪಾಗುತ್ತದೆ ಎಂಬ ಈ ಸಂಗತಿಯಲ್ಲೇ ಗುಟ್ಟಿನ ಕೀಲಿಯಿದೆ. ಮಡಕೆಯ ಕೆಂಪು ಮಣ್ಣಿನೊಳಗಿನ ಕಬ್ಬಿಣದ್ದು. ಗಾಳಿ ಧಾರಾಳವಾಗಿ ಆಡುವ ಬೆಂಕಿಯಲ್ಲಿ ಕಬ್ಬಿಣ ಆಮ್ಲಜನಕವನ್ನು ತುಂಬಿಕೊಂಡು ಕೆಂಪು ಆಕ್ಸೈಡ್ ಆಗಿರುತ್ತದೆ. ಲದ್ದಿಪುಡಿ ಗಾಳಿಯ ದಾರಿ ಮುಚ್ಚಿದಾಗ ಉರಿಯಲು ಆಮ್ಲಜನಕ ಸಾಲದ ಹೊಗೆ ಅದನ್ನು ಮಣ್ಣಿನಿಂದಲೇ ಕಿತ್ತುಕೊಳ್ಳುತ್ತದೆ. ಕೆಂಪು ಆಕ್ಸೈಡ್ ಕಪ್ಪು ಆಕ್ಸೈಡ್ ಆಗುತ್ತದೆ, ಜೊತೆಗೆ ಹೊಗೆಯ ನವಿರಾದ ಇಂಗಾಲ ಮಣ್ಣಿನ ಸೂಕ್ಷ್ಮ ರಂಧ್ರಗಳಲ್ಲಿ ತುಂಬಿಕೊಳ್ಳುತ್ತದೆ. ಹೊಳಪಿನ ಕಾರಣ ಬೇರೆ. ಜೇಡಿಯ ಕಣಗಳು ಪುಟ್ಟ ಹಾಳೆಗಳಂತೆ ಚಪ್ಪಟೆ. ಕಲ್ಲಿನ ಉಜ್ಜಾಟ ಅವನ್ನು ಒಂದರ ಪಕ್ಕ ಒಂದು ಮಲಗಿಸಿ ಸಮತಟ್ಟು ಮಾಡುವುದರಿಂದ ಬೆಳಕು ಒಂದೇ ದಿಕ್ಕಿಗೆ ಚಿಮ್ಮುತ್ತದೆ. ಜೂಲಿಯನ್ ಬರೆದ ತಿಳಿಯಲ್ಲಿ ಅವು ಅಡ್ಡಾದಿಡ್ಡಿ ನಿಂತಿರುವುದರಿಂದ ಬೆಳಕು ಚದುರುತ್ತದೆ. ಕಾವು ಮಿತಿಮೀರಿದರೆ ಮಲಗಿಸಿದ ಕಣಗಳ ಜೋಡಣೆಯೇ ಕೆಡುತ್ತದೆ. ಅದಕ್ಕೇ ಅಷ್ಟು ಮೆಲ್ಲನೆಯ ಬೆಂಕಿ. ಅಂಥ ಬೆಂಕಿಯಲ್ಲಿ ಬೆಂದ ಮಡಕೆಯಲ್ಲಿ ನೀರು ನಿಲ್ಲುವುದಿಲ್ಲ, ಜಿನುಗುತ್ತದೆ.

ಇದೇ ರಸಾಯನ ಕರ್ನಾಟಕದ ನೆಲದಡಿಯಲ್ಲೂ ಸಿಕ್ಕಿದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅಗೆಸಿದಾಗ ಬೃಹತ್ ಶಿಲಾಗೋರಿಗಳಲ್ಲಿ ಹೊರಬಂದ ಕಪ್ಪು–ಕೆಂಪು ಮಡಕೆಗಳು ಉಜ್ಜಿ ಹೊಳಪು ಕೊಟ್ಟಂಥವು. ಒಳಭಾಗ ಮತ್ತು ಬಾಯಂಚು ಕಪ್ಪು, ಕೆಳಮೈ ಕೆಂಪು. ಬೋರಲು ಹಾಕಿ ಸುಟ್ಟದ್ದರಿಂದ ಗಾಳಿ ತಗಲದ ಭಾಗ ಕಪ್ಪಾಯಿತೆಂಬುದು ಪುರಾತತ್ವಜ್ಞರ ರೂಢಿಯ ವಿವರಣೆ. ಟೇವಾ ಹಳ್ಳಿಯನ್ನು ಕಾಣದ, ಹೆಸರು ಉಳಿಯದ ಕುಂಬಾರರು ಎರಡು ಸಾವಿರ ವರ್ಷಗಳಿಗೂ ಹಿಂದೆ ಇಲ್ಲಿ ಅದೇ ಹೊಗೆಯನ್ನು ಪಳಗಿಸಿದ್ದರು.

ಮರಿಯಾ 1980ರ ಜುಲೈ 20ರಂದು ತೀರಿಕೊಂಡಾಗ ವಯಸ್ಸು ತೊಂಬತ್ತು ದಾಟಿತ್ತು. ಸಾನ್ ಇಲ್ಡೆಫಾನ್ಸೊದಲ್ಲಿ ಆಕೆಯ ವಂಶದವರೂ ನೆರೆಯವರೂ ಇಂದಿಗೂ ತಿಗರಿಯಿಲ್ಲದೆ ಮಡಕೆ ಎತ್ತುತ್ತಾರೆ, ಹೊಳೆಗಲ್ಲಿನಿಂದ ಉಜ್ಜುತ್ತಾರೆ, ಲದ್ದಿಪುಡಿ ಸುರಿದು ಬೆಂಕಿ ಮುಚ್ಚುತ್ತಾರೆ.